ಹುಲ್ಲಿನಡಿಯ ನೀರಿಗೆ ಕಿವಿಗೊಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡ ಮನೆಯೊಂದರ ಮುಂದಿನ ಹುಲ್ಲುಹಾಸಿನ ಮೇಲೆ ಹೆಂಗಸೊಬ್ಬರು ಬೋರಲು ಮಲಗಿ ನೆಲಕ್ಕೆ ಕಿವಿಯಾನಿಸಿದ್ದಾರೆ. ಕಿಟಕಿಗಳೆಲ್ಲ ಮುಚ್ಚಿವೆ. ಗೇಟಿನ ಬಳಿಯ ಸ್ಪ್ರಿಂಕ್ಲರ್‌ಗಳು ಚೆನ್ನಾಗಿಯೇ ನೀರು ಚಿಮ್ಮುತ್ತಿವೆ. ಗೋಡೆ ಪಕ್ಕದವು ಮಾತ್ರ ತಲೆ ಎತ್ತಲಾರದೆ ಗುಳುಗುಳು ಎನ್ನುತ್ತಿವೆ. ಅಲ್ಲಿ ಹುಲ್ಲು ಒಣಗಿ ಚಾಪೆಯಂತಾಗಿದೆ. ನಡುವೆ ಒಂದೆಡೆ ಕಾಲಿಟ್ಟರೆ ಕೆಸರು.

"ಇಲ್ಲೇ ಪೈಪು ಸೋರ್ತಿರೋದು," ಎಂದು ಅವರು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ವಾಲ್ವ್ ಮುಚ್ಚಿ ಬಂದು, ಹುಲ್ಲನ್ನು ಬೇರುಸಹಿತ ಕತ್ತರಿಸಿ ಪಕ್ಕಕ್ಕಿಟ್ಟು, ಕರಣೆಯಿಂದ ಮಣ್ಣು ಬಗೆಯತೊಡಗುತ್ತಾರೆ.

ಈ ಬಡಾವಣೆಯ ಕಾವಲುಗಾರರ ಬಾಯಲ್ಲಿ ಅವರು 'ನೀರಕ್ಕ'. ಕೆಲಸ ಕೊಡುವವರಲ್ಲಿ ಹೆಚ್ಚಿನವರು ಅವರ ಮುಖವನ್ನೇ ನೋಡಿಲ್ಲ. ಫೋನಿನಲ್ಲಿ ಕರೆಯುತ್ತಾರೆ, ಮನೆಯವರು ಏಳುವಷ್ಟರಲ್ಲಿ ಎಲ್ಲ ಸರಿಯಾಗಿರಬೇಕು. "ನಾಯಿಗಳಿಗೆಲ್ಲ ನನ್ನ ಪರಿಚಯ ಇದೆ, ಯಜಮಾನ್ರಿಗಿಲ್ಲ," ಎಂದು ನಗುತ್ತಾರೆ. ಆ ನಗು ಬೇಗ ಆರಿಹೋಗುತ್ತದೆ.

ಇದು ಇಬ್ಬರ ಕೆಲಸ. ಒಬ್ಬರು ವಾಲ್ವ್ ತಿರುಗಿಸಬೇಕು, ಇನ್ನೊಬ್ಬರು ಆ ತುದಿಯಲ್ಲಿ ನಿಂತು ನೀರು ಬಂತೇ ಎಂದು ನೋಡಬೇಕು. ಗಂಡ ಇದ್ದಷ್ಟು ಕಾಲ ಹಾಗೇ ನಡೆಯಿತು. ಎದೆನೋವೆಂದು ಮಲಗಿದ ಅವರು ಮತ್ತೆ ಏಳಲಿಲ್ಲ. ಅಂದಿನಿಂದ ತಿರುಗಿಸುವವರೂ ಇವರೇ, ಓಡಿಬಂದು ನೋಡುವವರೂ ಇವರೇ. ಮಂಡಿ ಸವೆದಿದೆ. ಈ ಪಾಡು ಸಾಕು, ನಮ್ಮ ಮನೆಗೇ ಬಂದುಬಿಡು ಎಂದು ಒಡಹುಟ್ಟಿದ ಅಕ್ಕ ಕರೆಯುತ್ತಲೇ ಇದ್ದಾರೆ. ಇವರು ಹೋಗಿಲ್ಲ.

"ಅಲ್ಲಿ ಎಲ್ರೂ ಕೆಲಸಕ್ಕೆ ಹೋದ್ಮೇಲೆ ಗೋಡೆ ಜೊತೆ ಮಾತಾಡ್ಬೇಕು. ಇಲ್ಲಿ ನೀರಾದ್ರೂ ಸದ್ದು ಮಾಡುತ್ತೆ."

ಮೊಣಕೈಯಷ್ಟು ಆಳಕ್ಕೆ ಪೈಪು ಸಿಗುತ್ತದೆ. ಜಾಯಿಂಟಿನ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ, ಅದರ ಮೇಲೆ ತಾಮ್ರದ ತಂತಿಯ ಬಿಗಿ ಗಂಟು. ಅವರ ಕೈ ಅಲ್ಲೇ ನಿಲ್ಲುತ್ತದೆ. ಹೀಗೆ ತಂತಿ ಸುತ್ತುತ್ತಿದ್ದವರು ಅವರ ಗಂಡ ಒಬ್ಬರೇ. ಇವರು ಮದುವೆಯಾಗಿ ಬಂದು ಈ ಕೆಲಸ ಕಲಿಯುವ ಮೊದಲೇ ಮಾಡಿದ್ದಿರಬೇಕು. ರಬ್ಬರು ಬಿರುಕುಬಿಟ್ಟು ಇನ್ನೂ ಹನಿ ಒಸರುತ್ತಿದೆ.

ಮೇಲೆ ಇನ್ನೊಂದು ಪಟ್ಟಿ ಸುತ್ತಿದರೆ ಸ್ವಲ್ಪ ಕಾಲ ತಡೆದೀತು. ಗಂಡನ ಗಂಟೂ ಉಳಿದೀತು. ಅವರು ಹೆಬ್ಬೆರಳಿನಿಂದ ಆ ಗಂಟನ್ನು ಒಮ್ಮೆ ಸವರುತ್ತಾರೆ. ಆಮೇಲೆ ಗರಗಸದ ಬ್ಲೇಡು ತೆಗೆದು ಜಾಯಿಂಟಿನ ಎರಡೂ ಬದಿ ಪೈಪು ಕೊಯ್ಯುತ್ತಾರೆ. "ಅವ್ರಿದ್ದಿದ್ರೂ ಕೊಯ್ಯಿ ಅಂತಾನೇ ಅಂತಿದ್ರು. ಅರೆಬರೆ ಕೆಲಸ ಅವ್ರಿಗೆ ಆಗ್ತಿರ್ಲಿಲ್ಲ."

ಹೊಸ ತುಂಡು ಕೂರಿಸಿ, ಅಂಟು ಒಣಗುವವರೆಗೆ ಕಾದು, ವಾಲ್ವ್ ತಿರುಗಿಸಿ ಓಡುತ್ತಾರೆ. ಗೋಡೆ ಪಕ್ಕದ ಸ್ಪ್ರಿಂಕ್ಲರ್‌ಗಳು ಒಂದೊಂದಾಗಿ ತಲೆ ಎತ್ತುತ್ತವೆ.

ಅಷ್ಟರಲ್ಲಿ ಮಹಡಿಯಿಂದ ಮನೆಯೊಡತಿಯ ಫೋನು. ಏನಾಗಿತ್ತೆಂದು ಕೇಳುತ್ತಾರೆ. ಜಾಯಿಂಟ್ ಹೋಗಿತ್ತು ಎಂದಾಗ, ಹಿಂದೆ ಮಾಡಿದವರು ಸರಿಯಾಗಿ ಮಾಡಿರಲಿಲ್ಲವೇನೋ ಎಂಬ ಅನುಮಾನ ಅವರಿಗೆ. ನೀರಕ್ಕ ಕೊಯ್ದ ತುಂಡಿನ ಮಣ್ಣನ್ನು ಸೆರಗಿನಿಂದ ಒರೆಸುತ್ತಾರೆ.

"ಮಾಡಿದ್ದು ನಮ್ಮನೆಯವ್ರು, ಅಮ್ಮಾ. ಅವ್ರೇ ಹೋಗಿ ಮೂರು ವರ್ಷ ಆಯ್ತು. ಇದು ಮೊನ್ನೆ ಮೊನ್ನೆವರೆಗೂ ತಡ್ಕೊಂಡಿತ್ತು."