ಓಬಳೇಶನ ಗಿಟಾರು, ಪಾಲಮ್ಮನ ಬೈಗುಳ

ಬೋರ್‌ವೆಲ್ ಮೋಟಾರು ರಿವೈಂಡ್ ಮಾಡುವ ಓಬಳೇಶ ಐವತ್ತು ದಾಟಿದ ಮೇಲೆ ಗಿಟಾರು ಹಿಡಿದವನು. ಸಿನಿಮಾ ಹಾಡು ಬೇಡವಂತೆ. ಅಮೆರಿಕದ ಹತ್ತಿ ಹೊಲಗಳಲ್ಲಿ ಬೆನ್ನು ಮುರಿದುಕೊಂಡ ಕಪ್ಪು ಜನರ ನೋವಿನ ಹಾಡು, ಬ್ಲೂಸೇ ಬೇಕು, ಅದರಲ್ಲೂ ಗಿಟಾರೊಂದೇ ಹಾಡುವ ಒಂದು ಹಳೆಯ ಸೋಲೋನೇ ಬೇಕು. ಅಂಗಡಿ ಮುಚ್ಚಿ ಬಂದವನು ಕೈಯ ಗ್ರೀಸನ್ನು ಲುಂಗಿಗೆ ಒರೆಸಿ, ಪಾಠದ ವಿಡಿಯೋ ಹಾಕಿದ ಮೊಬೈಲನ್ನು ಗೋಡೆಗೆ ಆನಿಸಿ, ಹಲ್ಲು ಕಚ್ಚಿ ತಂತಿ ಎಳೆದನೆಂದರೆ ಜೋಗಿಮಟ್ಟಿ ಕಾಡಿನ ನವಿಲುಗಳು ತಮ್ಮವನೊಬ್ಬ ಬಲೆಗೆ ಬಿದ್ದನೆಂದು ಕೂಗಬೇಕು. ಆ ಸೋಲೋದಲ್ಲಿ ಒಂದು ಸಾಲು ನುಡಿಸಿ, ಯಾರೋ ಉತ್ತರ ಕೊಡಲಿ ಎಂಬಂತೆ ತುಸು ಸುಮ್ಮನಿರಬೇಕು. ಆ ಬಿಡುವಿಗೆ ಸರಿಯಾಗಿ ಅಡುಗೆಮನೆಯಿಂದ ಹೆಂಡತಿ ಪಾಲಮ್ಮ, “ಥೂ, ನಿನ್ ಕೈ ಸೇದೋಗ! ಹಾಲು ಒಡೀತೈತೆ, ನಿಲ್ಸು” ಎನ್ನುತ್ತಾಳೆ. ಅವನು ಇನ್ನೊಂದು ಸಾಲು ನುಡಿಸುತ್ತಾನೆ. “ಸುಟ್ಟ ಮೋಟ್ರು ಅರಚ್ದಂಗೈತೆ!” ಮತ್ತೊಂದು ಸಾಲು. ಹೀಗೇ ಸೋಲೋ ಮುಕ್ಕಾಲು ಕೈಗೆ ಹತ್ತಿತ್ತು. ಅಷ್ಟರಲ್ಲಿ ಪಾಲಮ್ಮ ತಂಗಿಯ ಬಾಣಂತನಕ್ಕೆಂದು ಹೊರಕೆರೆದೇವಪುರದ ತವರಿಗೆ ಹೋದಳು. ಇನ್ನು ನೆಮ್ಮದಿಯಾಗಿ ಕಲಿತು ಮುಗಿಸುತ್ತೇನೆಂದು ಕೂತ ಓಬಳೇಶ ಮೊದಲ ಸಾಲು ನುಡಿಸಿ ಸುಮ್ಮನಾದ. ಎಷ್ಟು ಹೊತ್ತು ಸುಮ್ಮನಿರಬೇಕೆಂದೇ ತಿಳಿಯಲಿಲ್ಲ. ಎರಡನೆಯ ಸಾಲು ಒಮ್ಮೆ ಮುಂಚೆ ನುಗ್ಗಿತು, ಒಮ್ಮೆ ಹಿಂದೆ ಬಿತ್ತು. ಕಡೆಗೆ ನಾಚಿಕೆ ಬಿಟ್ಟು ಫೋನು ಮಾಡಿದ. “ಏನಿಲ್ಲ ಕಣೇ, ನಾನು ನುಡಿಸ್ತೀನಿ, ನೀನು ಒಂದೀಟು ಬೈಯಿ.” ಆಕೆ ನಕ್ಕಳು. ಅವನು ಒಂದು ಸಾಲು ನುಡಿಸಿ ನಿಲ್ಲಿಸಿ ಕಾದ. ಪಾಲಮ್ಮ ಬೈಯಲಿಲ್ಲ. “ಉಂಡ್ಯಾ?” ಎಂದಳು. ಮದುವೆಯಾದಾಗಿನಿಂದ ಇಷ್ಟು ಮೆತ್ತಗೆ ಕೇಳಿದವಳೇ ಅಲ್ಲ. ಓಬಳೇಶ ತಂತಿ ಎಳೆದೇ ಉತ್ತರ ಕೊಟ್ಟ.