ಉಕ್ರೇನಿನ ಎರಡನೇ ಲೀಗು, ನಮ್ಮನೆಯ ಶನಿವಾರಗಳು

ಫುಟ್‌ಬಾಲ್ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅಂಥ ನಾನು ಉಕ್ರೇನಿನ ಕೆಳದರ್ಜೆಯ ವೃತ್ತಿಪರ ಲೀಗನ್ನು ಒಂದು ಇಡೀ ಸೀಸನ್, ಜುಲೈಯಿಂದ ಮರುವರ್ಷದ ಜೂನ್‌ವರೆಗೆ, ಕಣ್ಣು ಮಿಟುಕಿಸದೆ ನೋಡಿದ್ದೇನೆ. ಇಂಥ ಸಾಹಸ ಮಾಡಿದ ಕನ್ನಡತಿ ನಾನೊಬ್ಬಳೇ ಇರಬೇಕು. ಯಾವ ಕನ್ನಡ ಸಂಘದವರೂ ಶಾಲು ಹೊದಿಸಲಿಲ್ಲ. ಹೊದಿಸುವುದೂ ಬೇಡ.

ಕೊರೋನಾದ ಹೆಸರನ್ನು ಇನ್ನೂ ಯಾರೂ ಕೇಳಿರದ ವರ್ಷಗಳವು. ಗಂಡನ ವೀಸಾಕ್ಕೆ ಬಾಲವಾಗಿ ಬಂದು ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ಕೂತಿದ್ದೆ. ಮೈಸೂರಿನ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದವಳಿಗೆ ಕ್ಯಾನಿಂಗ್ಟನ್‌ನ ಮಾಲ್‌ನಲ್ಲಿ ಬಟ್ಟೆ ಮಡಿಸುವುದಕ್ಕೂ ‘ಲೋಕಲ್ ಎಕ್ಸ್‌ಪೀರಿಯನ್ಸ್’ ಕೇಳಿದರು. ಮೈಸೂರಿನಲ್ಲಿ ನಾವು ಬಟ್ಟೆಯನ್ನು ಮಡಿಸದೆ ಉಂಡೆ ಕಟ್ಟಿಡುತ್ತಿದ್ದೆವು ಎಂದುಕೊಂಡಿದ್ದರೋ ಏನೋ. ಆ ಸಿಟ್ಟಿನಲ್ಲೇ ಮನೆಯಿಂದ ಮಾಡುವ ಒಂದು ಕೆಲಸಕ್ಕೆ ಅರ್ಜಿ ಹಾಕಿದೆ, ಸಿಕ್ಕಿತು.

ಕೆಲಸ ಇಷ್ಟೇ. ಯುರೋಪಿನ ಒಂದು ಕಂಪನಿ ನನ್ನ ಲ್ಯಾಪ್‌ಟಾಪಿಗೆ ಆಟದ ವಿಡಿಯೋವನ್ನು ನೇರವಾಗಿ ಕಳಿಸುತ್ತಿತ್ತು. ಮೈದಾನದಲ್ಲಿ ನಡೆದದ್ದನ್ನು ಕಂಡ ತಕ್ಷಣ ನಾನು ಕೀ ಒತ್ತಬೇಕು. ಥ್ರೋಗೆ ಒಂದು ಕೀ, ಕಾರ್ನರ್‌ಗೆ ಇನ್ನೊಂದು, ಹಳದಿ ಕಾರ್ಡಿಗೆ ಮತ್ತೊಂದು, ಗೋಲಿಗೆ ಕೆಂಪು ಬಣ್ಣದ್ದು. ಎಲ್ಲಿಂದಲೋ ಹೆಡ್‌ಫೋನಿನಲ್ಲಿ ತರಬೇತಿ ಕೊಟ್ಟ ಹೆಂಗಸು ಎರಡು ಮಾತು ಹೇಳಿದ್ದಳು: ಗೋಲನ್ನು ಒತ್ತಲು ಒಂದು ಉಸಿರಿನಷ್ಟೂ ತಡಮಾಡಬಾರದು, ಸೀಸನ್ ಪೂರ್ತಿ ಒಂದು ಆಟವೂ ತಪ್ಪದಿದ್ದರೆ ಕೆಲಸ ಖಾಯಂ. ಈ ಮಾಹಿತಿ ಯಾರಿಗೆ ಎಂದು ಕೇಳಿದ್ದಕ್ಕೆ “ಮೀಡಿಯಾ” ಅಂದಳು. ನನಗೆ ಬೇಕಿದ್ದುದು ‘ಖಾಯಂ’ ಎಂಬ ಒಂದೇ ಪದ. ಇನ್ನೊಬ್ಬರ ವೀಸಾದ ಬೆನ್ನಿಗೆ ಅಂಟಿಕೊಂಡು ಬದುಕಿದವರಿಗೆ ಆ ಪದದ ರುಚಿ ಗೊತ್ತು.

ನನ್ನ ಗಂಡನಿಗೆ ಆಗ ‘ಅವರು’ ಎನ್ನುತ್ತಿದ್ದೆ. ಈಗ ಬರೆಯುವಾಗ ‘ಅವನು’ ಎಂದೇ ಬರೆಯುತ್ತೇನೆ, ಓದುವವರು ಹೊಂದಿಕೊಳ್ಳಬೇಕು. ಸಾಫ್ಟ್‌ವೇರ್ ಕಾಂಟ್ರ್ಯಾಕ್ಟ್‌ಗಳ ಮೇಲೆ ಊರೂರು ತಿರುಗುವವನು. ಉಕ್ರೇನಿನ ಮಧ್ಯಾಹ್ನ ನಮಗೆ ರಾತ್ರಿಯೂಟದ ಹೊತ್ತು, ಶನಿವಾರವೆಂದರೆ ನಮ್ಮ ಜನಕ್ಕೆ ಒಬ್ಬರ ಮನೆಯಲ್ಲಿ ಒಬ್ಬರು ಬಿಸಿಬೇಳೆಬಾತ್ ತಿನ್ನುವ ದಿನ. ನಾನು ಅಡುಗೆ ಮಾಡಿಟ್ಟು ಕೋಣೆ ಸೇರುತ್ತಿದ್ದೆ. ಹಾಲ್‌ನಿಂದ ಅವನ ದನಿ ಬಾಗಿಲು ದಾಟಿ ಬರುತ್ತಿತ್ತು.

“ನಮ್ಮನೆಯವ್ಳು ಒಳಗಡೆ ಡ್ಯೂಟಿ ಮಾಡ್ತಿದಾಳೆ. ಏನ್ ಡ್ಯೂಟಿ ಅಂತೀರಾ? ಟಿವಿ ನೋಡೋದು!”

ಎಲ್ಲರೂ ನಗುತ್ತಿದ್ದರು. ನಾನು ಮಾಡಿದ ಬಾತನ್ನು ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದರು, ಅದಕ್ಕೇ ನನಗೆ ಉರಿಯುತ್ತಿತ್ತು.

ಆಟವಾದರೂ ಚೆನ್ನಾಗಿತ್ತೇ? ಥೂ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತೇವೆ. ಅಲ್ಲಿ ನೆಲವೂ ನಿಜವಾಗಿ ಡೊಂಕಿತ್ತು, ಕುಣಿಯಲೂ ಬರುತ್ತಿರಲಿಲ್ಲ. ಅರ್ಧ ಮೈದಾನ ಕೆಸರು, ಒಂದೇ ಕಡೆ ಮರದ ಬೆಂಚು, ಅದರ ಮೇಲೆ ಸೂರ್ಯಕಾಂತಿ ಬೀಜ ಉಗಿಯುತ್ತಾ ಕೂತ ನಾಲ್ಕಾರು ಮುದುಕರು. ಆಟಗಾರರು ಚೆಂಡು ಬೇಕಾದಾಗ “ಸುಡಿ, ಸುಡಿ” ಎಂದು ಕೂಗುತ್ತಿದ್ದಂತೆ ನನಗೆ ಕೇಳಿಸುತ್ತಿತ್ತು. ಅವರ ಭಾಷೆಯಲ್ಲಿ ಅದು ‘ಇಲ್ಲಿಗೆ ಕೊಡು’ ಅಂತೆ. ತಿಳಿಯುವವರೆಗೆ, ಸುಡಬೇಕಾದ್ದೇ ಈ ಲೀಗನ್ನು ಎಂದುಕೊಂಡು ಅವರ ಜೊತೆ ಸಹಮತದಿಂದಲೇ ಇದ್ದೆ.

ಒಂದೇ ಒಂದು ತಂಡದ ಮೇಲೆ ಮಾತ್ರ ನನಗೆ ಸಿಟ್ಟು ಬರುತ್ತಿರಲಿಲ್ಲ. ದೇಶದ ಪೂರ್ವದಲ್ಲಿ ಯುದ್ಧ ನಡೆಯುತ್ತಿತ್ತು, ಇವರು ಊರಿಗೆ ಹೋಗುವಂತಿರಲಿಲ್ಲ. ಬೇರೆಯವರ ಮೈದಾನದಲ್ಲಿ ಖಾಲಿ ಬೆಂಚುಗಳ ಎದುರು ಆಡುತ್ತಿದ್ದರು. ಆದರೂ ನನ್ನ ಪರದೆಯ ಮೇಲೆ ಅವರ ಹೆಸರಿನ ಪಕ್ಕದಲ್ಲಿ ‘ಹೋಮ್’ ಎಂದೇ ಬರುತ್ತಿತ್ತು. ಯಾವ ಹೋಮು, ಯಾರ ಹೋಮು ಎಂದು ಪರದೆಗೇ ಬೈದಿದ್ದೇನೆ. ಅವರು ವಾರ ವಾರ ಸೋಲುತ್ತಿದ್ದರು, ನಾನು ವಾರ ವಾರ ಅವರು ತಿಂದ ಗೋಲುಗಳನ್ನು ತಡಮಾಡದೆ ಒತ್ತುತ್ತಿದ್ದೆ.

ಚಳಿಗಾಲದಲ್ಲಿ ಅಲ್ಲಿ ಹಿಮ ಬಿದ್ದು ಆಟ ನಿಲ್ಲುತ್ತದೆ. ಅದೇ ಬಿಡುವಿನಲ್ಲಿ ನನ್ನ ಗಂಡನ ಕಾಂಟ್ರ್ಯಾಕ್ಟ್ ಮುಗಿದು ನಾವು ಬ್ರಿಸ್ಬೇನ್‌ನ ನಾರ್ತ್ ಲೇಕ್ಸ್‌ಗೆ ಹೋದೆವು. ಅಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಬೆವರು ಮಾತ್ರ ನಮ್ಮದೇ ಸ್ವಂತ. ಮಾರ್ಚಿನಲ್ಲಿ ಲೀಗು ಮತ್ತೆ ಶುರುವಾಯಿತು, ಶನಿವಾರಗಳೂ ಶುರುವಾದವು. ಅಲ್ಲಿನ ಸ್ನೇಹಿತರಿಗೆ ಹಿತ್ತಲಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ, ಆಗಬೇಕು. ಗಂಡಸರು ಕೆಂಡದ ಸುತ್ತ ಬಿಯರ್ ಹಿಡಿದು ನಿಲ್ಲುತ್ತಿದ್ದರು. ನನ್ನ ಕೋಣೆಯ ಕಿಟಕಿ ಆ ಹಿತ್ತಲಿಗೇ ತೆರೆಯುತ್ತಿತ್ತು.

ಒಂದು ಶನಿವಾರ ನಾನು ಕಾರ್ನರ್ ಒತ್ತಿದೆ. ಮರುಗಳಿಗೆ ಹಿತ್ತಲಿನಿಂದ ಯಾರೋ ಕೂಗಿದರು: “ಕಾರ್ನರ್ ಮಗಾ! ಬಂತು ನೋಡು!”

ಕಾಕತಾಳೀಯ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಳದಿ ಕಾರ್ಡ್ ಒತ್ತಿದೆ. “ಯೆಲ್ಲೋ! ಹೇಳಿರ್ಲಿಲ್ವಾ?” ಮತ್ತೊಂದು ಕಾರ್ನರ್. ಮತ್ತೊಂದು ಕೂಗು. ಎದ್ದು ಕಿಟಕಿಯ ಪರದೆ ಸರಿಸಿ ನೋಡುವಂತಿರಲಿಲ್ಲ, ಕಣ್ಣು ಆಟದ ಮೇಲೇ ಇರಬೇಕು. ಆದರೂ ಎಲ್ಲ ಅರ್ಥವಾಯಿತು. ಮೀಡಿಯಾ ಅಂತೆ ಮೀಡಿಯಾ! ಇದು ಜೂಜಿನವರಿಗೆ ಹೋಗುತ್ತಿದ್ದ ಸರಕು. ನನ್ನ ಹಿತ್ತಲಲ್ಲೇ ನಿಂತು ನನ್ನ ಬೆರಳಿನ ಮೇಲೆ ಬೆಟ್ ಕಟ್ಟುತ್ತಿದ್ದಾರೆ, ಗೆದ್ದವರಿಗೆ ನಾನೇ ನೆನೆಸಿಟ್ಟ ಪನೀರು. ಮೈಯೆಲ್ಲ ಹೇಸಿಗೆಯಾಯಿತು. ಅದರ ಜೊತೆಗೇ, ಸುಳ್ಳು ಹೇಳುವುದಿಲ್ಲ, ಒಂದು ಕ್ರೂರವಾದ ಖುಷಿಯೂ ಆಯಿತು. ಟಿವಿ ನೋಡುವವಳು ಒತ್ತುವವರೆಗೆ ಇವರ ಪ್ರಪಂಚದಲ್ಲಿ ಏನೂ ನಡೆಯುವುದಿಲ್ಲ!

ಜನ ಹೋದ ಮೇಲೆ ಹೇಳಿದೆ. “ರೀ, ನೀವು ಫೋನಲ್ಲಿ ನೋಡ್ತಿದ್ರಲ್ಲ, ಆ ಆಟ ನಾನು ಒಳಗೆ ಕೂತು ಒತ್ತಿದ್ದು.”

ಅವನು ತೊಳೆಯದ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ. “ಅಂದ್ರೆ, ನಿಂಗೆ ನಮಗಿಂತ ಮುಂಚೆ ಗೊತ್ತಾಗತ್ತಾ?”

ನಿನಗೆ ಬೇಜಾರಾಯಿತೇ, ಈ ಕೆಲಸ ಬಿಡುತ್ತೀಯಾ ಎಂದು ಕೇಳಲಿಲ್ಲ. ಮುಂಚೆ ಗೊತ್ತಾಗತ್ತಾ ಎಂದಷ್ಟೇ ಕೇಳಿದ. ಮುಂದಿನ ಶನಿವಾರ, ಮದುವೆಯಾದಾಗಿನಿಂದ ಮೊದಲ ಸಲ, ನನ್ನ ಮೇಜಿಗೆ ಕಾಫಿ ಬಂತು. ಹಿತ್ತಲ ಗಿಡ ಮದ್ದಲ್ಲ ಎಂದು ತುಳಿದುಕೊಂಡೇ ಓಡಾಡುತ್ತಿದ್ದವನು ಈಗ ಅದಕ್ಕೆ ನೀರು ಹಾಕುತ್ತಿದ್ದ. ಕಾಫಿ ಚೆನ್ನಾಗಿರಲಿಲ್ಲ. ಕುಡಿಯಲಿಲ್ಲ.

ಮೇ ತಿಂಗಳಲ್ಲಿ ಅಡಿಲೇಡ್. ಈ ಸಲ ಸೀಸನ್‌ನ ನಡುವೆಯೇ ಹೊರಡಬೇಕಿತ್ತು. ಅವನು ಹೇಳದೆ ಕೇಳದೆ ಶನಿವಾರಕ್ಕೇ ವಿಮಾನ ಬುಕ್ ಮಾಡಿದ್ದ. ಜಗಳವಾಡಿದೆ, ಸಭ್ಯವಾಗಿ ಅಲ್ಲ. ಪಕ್ಕದ ಮನೆಯ ಬಿಳಿಯಮ್ಮ ಬೇಲಿಯಾಚೆ ಬಂದು ಎಲ್ಲ ಸರಿಯಿದೆಯಾ ಎಂದು ವಿಚಾರಿಸುವಷ್ಟು ಜಗಳವಾಡಿದೆ. ಟಿಕೆಟ್ ಸೋಮವಾರಕ್ಕೆ ಬದಲಾಯಿತು. ಒಂದು ಆಟವೂ ತಪ್ಪಲಿಲ್ಲ.

ಜೂನ್ ಮೊದಲಲ್ಲಿ ಕೊನೆಯ ಸುತ್ತು. ನನ್ನ ಪಾಲಿಗೆ ಬಂದದ್ದು ಊರಿಲ್ಲದ ತಂಡದ ಆಟವೇ. ಆ ದಿನವೇ ಅವನು ಹೊಸ ಮನೆಗೆ ಅಡಿಲೇಡಿನ ಕನ್ನಡದವರನ್ನೆಲ್ಲ ಊಟಕ್ಕೆ ಕರೆದ. ಕರೆಯಲಿ. ಬೆಳಗಿನಿಂದ ಬೇಯಿಸಿ ಬಡಿಸುವುದಕ್ಕೆಲ್ಲ ಜೋಡಿಸಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಟ ಒಂದಕ್ಕೊಂದು ಸಮವಾಗಿ ಎಳೆಯುತ್ತಾ ಮುಗಿಯುವ ಹಂತಕ್ಕೆ ಬಂದಿತ್ತು. ಹೊರಗೆ ಊಟ ಮುಗಿದು ಬಳೆ, ಕೈಚೀಲಗಳ ಸದ್ದು. ಮುತ್ತೈದೆಯರು ಹೊರಟು ನಿಂತಿದ್ದಾರೆ, ಆದರೆ ಮನೆಯಾಕೆ ಅರಿಶಿನ ಕುಂಕುಮ ಕೊಡದೆ ಹೊಸಿಲು ದಾಟುವಂತಿಲ್ಲ. ಮನೆಯಾಕೆ ಹೊರಗೆ ಬರುವಂತಿಲ್ಲ. ಗಂಡಸರು ಕೊಡುವ ಹಾಗಿಲ್ಲ. ಒಬ್ಬ ಹಿರಿಯ ಆಂಟಿಯ ದನಿ ಕೇಳಿಸಿತು: “ಎಷ್ಟ್ ಹೊತ್ತಪ್ಪಾ ನಿನ್ ಹೆಂಡ್ತಿದು? ನಮ್ ಮೊಮ್ಮಗೂಗೆ ನಿದ್ದೆ ಬಂದ್ಬಿಟ್ಟಿದೆ.”

ಅವನು ಒಳಗೆ ಬಂದ. ಕುಂಕುಮಕ್ಕೆ ಕರೆಯಲು ಬಂದ ಎಂದುಕೊಂಡೆ. ಬಾಗಿಲು ಹಾಕಿಕೊಂಡು, ಫೋನ್ ತೆಗೆದು, ನನ್ನ ಬೆನ್ನಿಗೆ ಬಂದು ನಿಂತ.

“ನೋಡು, ಈಗ ಗೋಲ್ ಬಿದ್ರೆ ತಕ್ಷಣ ಒತ್ಬೇಡ. ನಾನು ಬೆಟ್ ಹಾಕಿ ಹೂಂ ಅಂತೀನಿ. ಆಮೇಲೆ ಒತ್ತು. ಪ್ಲೀಸ್ ಕಣೇ.”

ಪ್ಲೀಸ್! ಜೂಜಿನ ಸೈಟಿನವರಿಗೆ ಗೋಲು ತಿಳಿಯುವ ಮುಂಚೆಯೇ ಅದರ ಮೇಲೆ ಬೆಟ್ ಕಟ್ಟುವ ಉಪಾಯ. ನಾನು ತಡಮಾಡಿದ್ದು ಕಂಪನಿಗೆ ತಿಳಿದರೆ ಕೊನೆಯ ದಿನ ಕೆಲಸ ಹೋಗುತ್ತದೆ, ಖಾಯಂ ಎನ್ನುವುದು ಇನ್ನು ಕನಸು.

“ಆಗಲ್ಲ ರೀ.”

“ಹಾಲ್‌ನಲ್ಲಿ ಇಬ್ರು ಕಾಯ್ತಿದಾರೆ. ನಾನು ಆಗತ್ತೆ ಅಂತ ಹೇಳ್ಬಿಟ್ಟಿದೀನಿ.”

ನನ್ನ ಬೆರಳನ್ನು ನನ್ನನ್ನು ಕೇಳದೆ ಹಂಚಿಬಿಟ್ಟಿದ್ದ. ಉತ್ತರ ಕೊಡುವಷ್ಟರಲ್ಲಿ ಊರಿಲ್ಲದ ತಂಡದ ಹುಡುಗನೊಬ್ಬ ಕೆಸರಿನಲ್ಲಿ ಜಾರುತ್ತಲೇ ಚೆಂಡನ್ನು ಒದ್ದ. ಗೋಲ್‌ಕೀಪರ್ ಎಡಕ್ಕೆ ಬಿದ್ದ, ಚೆಂಡು ಬಲಕ್ಕೆ ಹೋಯಿತು. ಇಡೀ ಸೀಸನ್‌ನಲ್ಲಿ ಆ ತಂಡಕ್ಕಾಗಿ ಕೆಂಪು ಕೀ ಒತ್ತುವುದು ಅಪರೂಪವಾಗಿತ್ತು. ಒತ್ತಿದೆ. ಬೆನ್ನ ಹಿಂದೆ “ಏಯ್, ಏಯ್” ಎಂಬ ಸದ್ದು.

“ನಿಂಗೆ ಗಂಡ ಮುಖ್ಯಾನಾ, ಉಕ್ರೇನ್ ಮುಖ್ಯಾನಾ?”

“ಸುಮ್ನಿರಿ. ಆಟ ಇನ್ನೂ ಮುಗಿದಿಲ್ಲ.”

ಅವನು ಕುರ್ಚಿಯನ್ನು ಒದ್ದು ಹೊರಗೆ ಹೋದ. ನಾನು ತಿರುಗಲಿಲ್ಲ. ಉಳಿದ ಥ್ರೋಗಳು, ಒಂದು ಕಾರ್ನರ್, ಕೊನೆಯ ಶಿಳ್ಳೆ, ಎಲ್ಲ ಒತ್ತಿದೆ. ಸ್ವಲ್ಪದರಲ್ಲೇ ಪರದೆಯ ಮೂಲೆಯಲ್ಲಿ ತರಬೇತಿಯ ಹೆಂಗಸಿನ ಸಂದೇಶ ಬಂತು: ಸೀಸನ್ ಪೂರ್ತಿಯಾಯಿತು, ಇವತ್ತಿನಿಂದ ನೀನು ಖಾಯಂ. ಎರಡು ಸಲ ಓದಿಕೊಂಡು ಎದ್ದೆ.

ಹೊರಗೆ ಮುಖಗಳೆಲ್ಲ ಗಂಟು. ಗಂಡಸರಲ್ಲಿ ಇಬ್ಬರು ನನ್ನನ್ನು ಕಳ್ಳಿಯನ್ನು ನೋಡಿದ ಹಾಗೆ ನೋಡಿದರು. ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಅರಿಶಿನ ಕುಂಕುಮ ಕೊಟ್ಟೆ. ಹಿರಿಯ ಆಂಟಿ ತಾವು ಹಚ್ಚಿಕೊಂಡು, ಚಿಟಿಕೆ ಕುಂಕುಮವನ್ನು ನನ್ನ ತಾಳಿಗೂ ಒತ್ತಿ, ಸಿಟ್ಟಿನಲ್ಲೇ ಆದರೂ ಪದ್ಧತಿ ಬಿಡದೆ ಹರಸಿದರು: “ದೀರ್ಘಸುಮಂಗಲಿಯಾಗಿರಮ್ಮ.”

ನನ್ನ ಗಂಡ ಅವರ ಹಿಂದೆ ಹಲ್ಲು ಕಚ್ಚಿಕೊಂಡು ನಿಂತಿದ್ದ.

“ಆಂಟಿ, ನಂಗೆ ಇವತ್ತು ಕೆಲಸ ಖಾಯಂ ಆಯ್ತು. ಅದಕ್ಕೂ ಒಂದ್ ಮಾತು ಹರಸಿ” ಅಂದೆ.

ಅವರು ಕೈಯನ್ನು ನನ್ನ ತಲೆಯ ಮೇಲಿಟ್ಟರು.

“ಅದಕ್ಕೆ ಏನಂತ ಹರಸ್ತಾರಮ್ಮ? ನಂಗೆ ಯಾರೂ ಹೇಳ್ಕೊಟ್ಟಿಲ್ವಲ್ಲ.”