ಕಾಕು ಅಳಿಸಿದ ನಮಸ್ಕಾರಗಳು

ಗುಲಾಬಿ ಕುಂಡಕ್ಕೆಂದು ತಂದ ಬೇವಿನ ಹಿಂಡಿಯ ಚೀಲ ಬಿಚ್ಚಿದೆ. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಗಂಗಾವತಿಯ ನಮ್ಮ ಪಕ್ಕದ ಮನೆಯ ಕಾಕು ಕಣ್ಣ ಮುಂದೆ ಬಂದು ನಿಂತರು. ಬೀಜ-ಗೊಬ್ಬರದ ಅಂಗಡಿ ಅವರದು. ಅವರ ಸೀರೆಗೂ ಅದೇ ವಾಸನೆ…

ಅಂಗಡಿಗೆ ಬಂದವರು ಚಹಾ ಕುಡಿಯದೆ ಬೆಳೆಯ ಮಾತು ಎತ್ತುವಂತಿರಲಿಲ್ಲ. ಆದರೆ ರೈತರು ಪ್ರಶ್ನೆ ಕೇಳಿ ಉತ್ತರ ಪಡೆಯಲೆಂದು ಕಾಕು ನಾಲ್ಕು ಜನರನ್ನು ಕೂಡಿಸಿಕೊಂಡು ಅಂತರ್ಜಾಲದಲ್ಲಿ ಒಂದು ತಾಣ ನಡೆಸುತ್ತಿದ್ದರು. ಅಲ್ಲಿ ಮಾತ್ರ ಅವರು ಬೇರೆಯೇ ಹೆಂಗಸು. ನಮಸ್ಕಾರ ಬೇಡ, ಧನ್ಯವಾದ ಬೇಡ, ಒಂದು ಬರಹಕ್ಕೆ ಒಂದೇ ಪ್ರಶ್ನೆ. ನಿಯಮ ಬರೆದವರೂ ಅವರೇ, ಕತ್ತರಿ ಹಿಡಿದವರೂ ಅವರೇ.

ಒಮ್ಮೆ ಮರಳಿ ಎಂಬ ಹಳ್ಳಿಯ ರೈತರೊಬ್ಬರು ಕಾಲುವೆ ನೀರು ತಡವಾದದ್ದು, ಮಾವನ ಮೊಣಕಾಲು ನೋವು ಎಲ್ಲ ಬರೆದು ಕೊನೆಗೆ ಭತ್ತದ ವಿಷಯಕ್ಕೆ ಬಂದಿದ್ದರು. ಕಾಕು ಉಳಿಸಿದ್ದು ಇಷ್ಟೇ: "ನಾಟಿ ಮಾಡಿ ಮೂರು ವಾರ. ಎಲೆಯ ತುದಿ ಹಳದಿ. ಏನು ಮಾಡಬೇಕು?"

"ಪಾಪ, ಬ್ಯಾಸರ ಮಾಡ್ಕೊಳ್ಳೂದಿಲ್ಲೇನ್ರಿ ಕಾಕು?" ಎಂದೆ.

"ಅಂಗಡಿಗೆ ಬರ್ಲಿ, ಮಾವನ ಸುದ್ದಿ ಕುಂತು ಕೇಳ್ತೀನಿ. ನಾಳಿ ಮತ್ಯಾರರ ಇದ ರೋಗ ಹುಡುಕ್ಕೋಂತ ಬಂದ್ರ, ಅವರಿಗೆ ಲಗೂನ ಸಿಗಬೇಕಲ್ಲವಾ."

ಹೋದ ವರ್ಷ ಕಾಲುವೆಗೆ ನೀರು ಬಿಟ್ಟ ವಾರ ಕಾಕು ತೀರಿಕೊಂಡರು. ಅದೇ ಮರಳಿಯ ರೈತರು, ಅಂದು ಕಾಕು ತಮಗೆ ಕೊಟ್ಟಿದ್ದ ಉತ್ತರದ ಕೆಳಗೆ ಬರೆದರು: "ನಿಮ್ಮ ಮಾತಿನಿಂದ ನಮ್ಮ ಗದ್ದಿ ಉಳೀತ್ರಿ. ಒಂದ್ಸಲಾನೂ ಉಪಕಾರ ಆತು ಅನ್ನಾಕ ಬಿಡ್ಲಿಲ್ಲ ನೀವು…"

ಸಂಜೆಯೊಳಗೆ ಅದು ಮಾಯವಾಗಿತ್ತು. ತಾಣವನ್ನು ಈಗ ನೋಡಿಕೊಳ್ಳುವವನು ಕುಷ್ಟಗಿಯವನು, ಕಾಕುವನ್ನು ಕಂಡವನೇ ಅಲ್ಲ. ಫೋನ್ ಮಾಡಿ ಚೆನ್ನಾಗಿ ರೇಗಿದೆ.

"ನಿಯಮ ಅವರ ಬರದಾರ್ರಿ ಅಕ್ಕಾರ. ನಾ ಹ್ಯಾಂಗ ಮುರೀಲಿ?" ಎಂದ.

ಫೋನ್ ಇಟ್ಟೆ. ಕಾಕು ಇದ್ದಿದ್ದರೂ ಅದನ್ನೇ ಮಾಡುತ್ತಿದ್ದರು. ಅವರೇ ಕಟ್ಟಿದ ಕಡೆ ಅವರಿಗಾಗಿ ಅಳಲು ಜಾಗವಿಲ್ಲ. ಅವರ ಉತ್ತರಗಳನ್ನೂ ಈಗಿನ ತಾಣದವರು ಒಂದೊಂದಾಗಿ ತಿದ್ದುತ್ತಿದ್ದಾರೆ; ತಿದ್ದಿದ ಮೇಲೆ ಕಾಣುವುದು ತಿದ್ದಿದವರ ಹೆಸರು. ಹೀಗೇ ಹೋದರೆ ಕಾಕು ಎಂಬುವರು ಇದ್ದರೆಂಬ ಗುರುತೂ ಅಲ್ಲಿ ಉಳಿಯುವುದಿಲ್ಲ. ಅದನ್ನು ತಡೆಯಲು ನನ್ನಿಂದ ಏನೂ ಆಗುತ್ತಿಲ್ಲ…

ಇವತ್ತು ಹಿಂಡಿ ಎಷ್ಟು ಹಾಕಬೇಕೆಂದು ಅಲ್ಲೇ ಹುಡುಕಿದೆ. ಇನ್ನೂ ಕಾಕುವಿನ ಹೆಸರಿನಲ್ಲೇ ಇರುವ ಒಂದು ಉತ್ತರ ಸಿಕ್ಕಿತು: "ಕುಂಡಕ್ಕೆ ಒಂದು ಹಿಡಿ." ಅದರ ಕೆಳಗೆ "ಧನ್ಯವಾದ ಕಾಕು" ಎಂದು ಬರೆದೆ. ಒಂದು ಹಿಡಿ ಹಿಂಡಿ ಹಾಕಿ, ನೀರು ಹನಿಸಿ, ಕೈ ತೊಳೆದು ಬಂದು ನೋಡಿದೆ.

ಅಳಿಸಿಬಿಟ್ಟಿದ್ದರು.